ಓರಗಿತ್ತಿಯನ್ನು ಕರೆದಳು

ಮನೆಯಲ್ಲಿ ನನ್ನ ಬೆನ್ನ ಹಿಂದೆ ಎಲ್ಲರೂ ನನ್ನನ್ನು ಕತ್ತರಿ ಅನ್ನುತ್ತಾರೆ. ಹೊಲಿಗೆ ಅಂಗಡಿ ಇಟ್ಟಿದ್ದೇನೆ ಅಂತ ಅರ್ಧ, ನನ್ನ ನಾಲಿಗೆಗೆ ಹೆದರಿ ಇನ್ನರ್ಧ. ಗಿರಾಕಿಯ ಸೊಂಟ ಹೆಚ್ಚಿದ್ದರೆ ಹೆಚ್ಚಿದೆ ಅಂತಲೇ ಹೇಳುತ್ತೇನೆ. ಮುಖ ಊದಿಸಿಕೊಂಡು ಹೋದವರು ಬಟ್ಟೆ ಮೈಗೆ ಸರಿಯಾಗಿ ಕೂತ ಮೇಲೆ ತಿರುಗಿ ಬರುತ್ತಾರೆ.

ತಿರುಗಿ ಬಾರದವಳು ಒಬ್ಬಳೇ, ನನ್ನ ಮೈದುನನ ಹೆಂಡತಿ. ಮದುವೆಯಾಗಿ ಬಂದ ಹೊಸದರಲ್ಲೇ, ನೀನು ತೊಳೆದ ಪಾತ್ರೆ ಇನ್ನೊಬ್ಬರು ಮತ್ತೆ ತೊಳೆಯಬೇಕು ಅಂದುಬಿಟ್ಟಿದ್ದೆ. ಅಂದಿನಿಂದ ಒಂದೇ ಅಡುಗೆಮನೆಯಲ್ಲಿ ನಮ್ಮಿಬ್ಬರದು ಉಪ್ಪು ಕೊಡು, ಬಾಗಿಲು ಹಾಕು ಅನ್ನುವಷ್ಟೇ ಮಾತು. ಅವಳು ಬಸುರಿಯಾದ ಸುದ್ದಿಯೂ ನನಗೆ ಅತ್ತೆಯಿಂದಲೇ ತಿಳಿದದ್ದು.

ಹೆರಿಗೆಗೆ ಸೇರಿಸಿದ ದಿನ ಬೆಳಿಗ್ಗೆ ಡಾಕ್ಟರಮ್ಮ ನಮ್ಮನ್ನು ಪಕ್ಕಕ್ಕೆ ಕರೆದರು. ಹೊಟ್ಟೆಯೊಳಗೇ ಮಗುವಿನ ಎದೆಬಡಿತ ನಿಂತುಹೋಗಿದೆ, ಎರಡೆರಡು ಸಲ ಸ್ಕ್ಯಾನ್ ಮಾಡಿ ನೋಡಿದ್ದೇವೆ ಅಂದರು. ಆಪರೇಷನ್ ಮಾಡುವುದಕ್ಕಿಂತ ಅವಳೇ ಹೆರುವುದು ಒಳ್ಳೆಯದು, ವಿಷಯವನ್ನೂ ಅವಳಿಗೆ ಹೇಳಲೇಬೇಕು ಅಂದರು. ಮೈದುನ ಗೋಡೆ ಹಿಡಿದು ಕುಸಿದು ಕೂತ. ಅತ್ತೆ ಕೈಮುಗಿದು, ಈಗಲೇ ಬೇಡ, ತಿಳಿದರೆ ಹೆರುವ ಶಕ್ತಿಯೇ ಉಡುಗಿಹೋಗುತ್ತದೆ, ಸ್ವಲ್ಪ ಹೊತ್ತು ಬಿಟ್ಟು ನಾವೇ ಹೇಳುತ್ತೇವೆ ಅಂತ ಗೋಗರೆದರು. ಡಾಕ್ಟರಮ್ಮ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಮೊಣಕೈ ಹಿಡಿದು, ನೀನು ಮಾತ್ರ ಒಳಗೆ ಹೋಗಬೇಡ ಅಂದರು. ಯಾಕೆ ಅಂತ ಕೇಳಬೇಕಾಗಿರಲಿಲ್ಲ.

ಒಳಗೆ ಒಬ್ಬರನ್ನು ಮಾತ್ರ ಬಿಡುತ್ತಿದ್ದರು. ಅತ್ತೆ ಮುಖ ತೊಳೆದು, ನಗು ತಂದುಕೊಂಡು ಹೋದರು. ಬಂಗಾರದಂಥ ಮಗು ಬರುತ್ತದೆ, ಧೈರ್ಯವಾಗಿರು ಅಂತ ಅವರು ಹೇಳುವುದು ಹೊರಗೆ ಬೆಂಚಿಗೂ ಕೇಳಿಸುತ್ತಿತ್ತು. ಪಾಪ, ಅತ್ತೆಗೆ ನಾಟಕ ಬರುವುದಿಲ್ಲ. ಆಮೇಲೆ ಮೈದುನ ಹೋದ, ಅವನೂ ನಗುತ್ತಲೇ ಹೋದ. ಡ್ರಿಪ್ ಹಾಕಿದ ಮೇಲೆ ಶುರುವಾದ ನೋವು ಮಧ್ಯಾಹ್ನದ ಹೊತ್ತಿಗೆ ಹಾಗೇ ತಣ್ಣಗಾಯಿತು. ನರ್ಸ್ ಹೊರಗೆ ಬಂದು, ಅವಳು ಹಲ್ಲು ಕಚ್ಚಿಕೊಂಡು ಬಂದವರ ಮುಖವನ್ನೇ ನೋಡುತ್ತಿದ್ದಾಳೆ, ಇಷ್ಟು ಹೆದರಿ ಮೈ ಬಿಗಿ ಹಿಡಿದರೆ ಹೆರಿಗೆ ಹೇಗೆ ಆಗಬೇಕು ಅಂತ ಬೇಸರಪಟ್ಟುಕೊಂಡಳು.

"ಅವರ ಓರಗಿತ್ತಿ ಯಾರು? ಅವರನ್ನೇ ಕರೀರಿ ಅಂತಿದ್ದಾರೆ."

ನಾನು ಎದ್ದೆ. ಅತ್ತೆ ತಡೆಯಲಿಲ್ಲ, ಕಣ್ಣಲ್ಲೇ ಬೇಡಿಕೊಂಡರು.

ಅವಳು ಮಗ್ಗುಲಾಗಿ ಮಲಗಿ ಮಂಚದ ಕಂಬಿಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಮೊಣಕಾಲು ಗಡಗಡ ನಡುಗುತ್ತಿದ್ದವು.

"ಅಕ್ಕಾ, ಎಲ್ಲರೂ ನಗ್ತಾ ಬರ್ತಿದ್ದಾರೆ, ನಂಗೆ ಭಯ ಆಗ್ತಿದೆ. ನೀವು ಯಾವತ್ತೂ ನನ್ನ ಓಲೈಸಿದವರಲ್ಲ. ಏನಾಗಿದೆ ಹೇಳಿ."

ಅವಳ ಕೈಯನ್ನು ಕಂಬಿಯಿಂದ ಬಿಡಿಸಿ ನನ್ನ ಕೈಯಲ್ಲಿ ಹಿಡಿದುಕೊಂಡೆ.

"ಮಗು ಹೋಗಿಬಿಟ್ಟಿದೆ ಕಣೇ. ಹೊಟ್ಟೇಲೇ ಹೋಗಿದೆ. ಆದ್ರೂ ನೀನು ಹೆರಬೇಕು. ನಾನು ಇಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ."

ಅವಳು ಅತ್ತ ಅಳು ಯಾವ ತಾಯಿಗೂ ಬೇಡ. ನನ್ನ ಭುಜ ಕಚ್ಚಿ ಅತ್ತಳು. ನನಗೂ ಅಳು ತಡೆಯಲಾಗಲಿಲ್ಲ. ದನಿ ಬತ್ತಿದ ಮೇಲೆ ಅವಳು ಮೆಲ್ಲಗೆ, ನಿನ್ನೆಯಿಂದ ಅದು ಮಿಸುಕಾಡಿರಲಿಲ್ಲ, ನನಗೆ ಆಗಲೇ ಅನ್ನಿಸಿತ್ತು, ಯಾರ ಹತ್ತಿರ ಹೇಳಲಿ ಅಂದಳು. ಅಷ್ಟು ಜನರ ನಡುವೆ ಇವಳು ಒಬ್ಬಳೇ ಇದನ್ನು ಹೊತ್ತುಕೊಂಡಿದ್ದಳು.

ಸ್ವಲ್ಪ ಹೊತ್ತಿಗೆ ಮೊಣಕಾಲ ನಡುಕ ನಿಂತಿತು. ಬಿಗಿದ ದವಡೆ ಸಡಿಲವಾಯಿತು. ನೋವು ಮತ್ತೆ ಬಂತು, ಈ ಸಲ ಬಂದದ್ದು ನಿಲ್ಲಲಿಲ್ಲ. ನಾನು ಸೊಂಟ ಉಜ್ಜಿದೆ, ನೀರು ಕುಡಿಸಿದೆ, ಉಸಿರು ಬಿಗಿ ಹಿಡಿದಾಗ ಗದರಿದೆ. ನನ್ನ ಗದರಿಕೆಗೆ ಅವಳು ಹೂಂ ಹೂಂ ಅನ್ನುತ್ತಿದ್ದಳು. ಕಿಟಕಿಯ ಬಿಸಿಲು ಇಳಿಯುವ ಮೊದಲೇ ಹೆರಿಗೆಯಾಯಿತು.

ಹೆಣ್ಣುಮಗು, ತಲೆ ತುಂಬ ಕೂದಲು. ನರ್ಸ್ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಮೈದುನ ಬಂದು ನೋಡಿ ಬಿಕ್ಕಿದ. ಅತ್ತೆ ಅವನನ್ನು ಹೊರಗೆ ಕರೆದುಕೊಂಡು ಹೋದರು. ಅವಳು ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಾ ಬಹಳ ಹೊತ್ತು ಕೂತಿದ್ದಳು.

"ಅಕ್ಕಾ, ಹೋಗುವಾಗ ಇದಕ್ಕೆ ನೋವಾಗಿತ್ತಾ?"

ನನಗೇನು ಗೊತ್ತು? ಯಾರಿಗೆ ತಾನೇ ಗೊತ್ತಿರುತ್ತದೆ?

"ಇಲ್ಲ," ಅಂದೆ. "ಒಂಚೂರೂ ಆಗಿಲ್ಲ. ನಿದ್ದೇಲೇ ಹೋಗಿದೆ."

ಅವಳು ನನ್ನ ಮುಖವನ್ನೇ ದಿಟ್ಟಿಸಿ ನೋಡಿದಳು. ನಾನು ಕಣ್ಣು ತಪ್ಪಿಸಲಿಲ್ಲ.

"ನೀವು ಹೇಳಿದ್ರೆ ಸರಿ," ಅಂದು ಅವಳು ಮಗುವನ್ನು ನನ್ನ ಕೈಗೆ ಕೊಟ್ಟಳು.