ಬಾಗಿಲಿಗೆ ಕೊಟ್ಟ ಕಾಲು

"ಗೋಗೋ, ಕಾಲು ತೆಗೀರಿ! ಬಾಗ್ಲು ಮುಚ್ಕೊಳ್ದೆ ಈ ರೈಲು ಹೊರಡಲ್ಲ!"

ಹಾಗೆ ಅಜ್ಜಿ ಎಂದು ಕರೆಸಿಕೊಂಡ ನೊಮಾಸೊಂಟೊ ಕಾಲು ತೆಗೆಯಲಿಲ್ಲ. ಹೊಸ ನೀಲಿ ರೈಲಿನ ಬಾಗಿಲು ಅವಳ ಬೂಟಿಗೆ ಬಡಿದು, ಕಿರುಚಿಕೊಂಡು, ಹಿಂದೆ ಸರಿದು ಮತ್ತೆ ಬಡಿಯಿತು. ನಿನ್ನೆ ಮೊನ್ನೆ ಎರಡೂ ದಿನ ಕಟ್ಲೆಹಾಂಗ್ ನಿಲ್ದಾಣದವರೆಗೆ ಬಂದು, ಈ ಬಾಗಿಲು ನೋಡಿ ಹೆದರಿ ಮನೆಗೆ ಮರಳಿದ್ದಳು. ಇವತ್ತೂ ಬರದಿದ್ದರೆ ಇಸ್ತ್ರಿಗೆ ಬೇರೆಯವಳನ್ನು ನೋಡಿಕೊಳ್ಳುತ್ತೇನೆಂದು ಜೋಹಾನ್ಸ್‌ಬರ್ಗಿನ ಯಜಮಾನಿತಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

"ಹಳದಿ ರೈಲು ಗುಜರಿಗೆ ಹೋಯ್ತು, ಅದರ ಚಾಳಿ ಮಾತ್ರ ಗೋಗೋ ಹತ್ರನೇ ಉಳೀತು," ಎಂದ ಒಬ್ಬ. ಡಬ್ಬಿಗೆ ಡಬ್ಬಿಯೇ ನಕ್ಕಿತು.

ಅವನು ಹೇಳಿದ್ದು ಸುಳ್ಳೇನಲ್ಲ. ಆ ಹಳದಿ-ಬೂದು ಬಣ್ಣದ ರೈಲುಗಳಲ್ಲಿ ಬಾಗಿಲಿಗೆ ಕಾಲು ಕೊಟ್ಟು ನಿಲ್ಲುವುದೇ ರೂಢಿ. ಅವು ಬಾಯಿ ತೆರೆದುಕೊಂಡೇ ಓಡುತ್ತಿದ್ದವು. ಬಿದ್ದು ಸತ್ತವರಿಗೆ ಲೆಕ್ಕವಿಲ್ಲ. ನೊಮಾಸೊಂಟೊ ಮಾತ್ರ ಆ ತೆರೆದ ಬಾಗಿಲಿನಿಂದಲೇ ಬದುಕಿದವಳು.

ಪಕ್ಕದಲ್ಲಿದ್ದ ಮುದುಕ ಬಾಬಾ ಖನ್ಯೀಲೆ ಅವಳ ತೋಳು ಹಿಡಿದ. ಹಳೆಯ ರೈಲಿನಲ್ಲಿ ದಿನಾ ಬೆಳಿಗ್ಗೆ ತಗಡಿನ ಗೋಡೆ ಬಡಿಯುತ್ತ ಪ್ರಾರ್ಥನೆ ಹಾಡಿಸುತ್ತಿದ್ದವನು ಅವನೇ. "ಏನ್ ತಾಯಿ ಇದು?"

"ಬಾಬಾ, ಅವರು ಮತ್ತೆ ಬಂದ್ರೆ ಇದ್ರಲ್ಲಿ ಎಲ್ಲಿಂದ ಹಾರ್ಲಿ?"

ಯಾರು ಎಂದು ಅವನು ಕೇಳಲಿಲ್ಲ. ಮೂವತ್ತು ವರ್ಷದ ಹಿಂದೆ, ಕರಿಯರೂ ಮೊದಲ ಸಲ ಮತ ಹಾಕಿದ ಚುನಾವಣೆಗೆ ಮುಂಚಿನ ಆ ಕೆಟ್ಟ ದಿನಗಳಲ್ಲಿ, ಚಾಕು ಹಿಡಿದವರು ಡಬ್ಬಿಗೆ ನುಗ್ಗಿದಾಗ ಹಾಡು ಅರ್ಧಕ್ಕೇ ನಿಂತಿತ್ತು. ಮುಚ್ಚುತ್ತಿದ್ದ ಬಾಗಿಲಿಗೆ ಕಾಲು ಕೊಟ್ಟವಳು ನೊಮಾಸೊಂಟೊಳ ತಂಗಿ ಥಾಂಡೆಕಾ. "ಹಾರು ಸಿಸಿ, ಹಾರು!" ಎಂದಳು. ಅಕ್ಕ ಹಾರಿದಳು. ಜಲ್ಲಿಯ ಮೇಲೆ ಉರುಳಿ ತಿರುಗಿ ನೋಡುವಷ್ಟರಲ್ಲಿ, ತಂಗಿಯನ್ನು ಒಳಗೇ ಇಟ್ಟುಕೊಂಡು ಆ ಬಾಗಿಲು ಮುಚ್ಚಿತ್ತು.

"ನಂಗೂ ಹೆದರಿಕೆನೇ," ಎಂದ ಖನ್ಯೀಲೆ ಮೆಲ್ಲಗೆ. "ಅಷ್ಟು ಸೀಟು ಖಾಲಿ ಇದ್ರೂ ಬಾಗ್ಲ ಹತ್ರನೇ ಯಾಕೆ ನಿಂತಿದೀನಿ ಅಂದ್ಕೊಂಡೆ? ಆದ್ರೂ ಹೊಟ್ಟೆ ಕೇಳ್ಬೇಕಲ್ಲ ತಾಯಿ. ತೆಗಿ ಕಾಲು."

ಅವನು ಹಳೆಯ ಅಭ್ಯಾಸಕ್ಕೆ ಗೋಡೆ ಬಡಿದ. ಪ್ಲಾಸ್ಟಿಕ್ಕಿನ ಗೋಡೆ ಸದ್ದು ಕೊಡಲಿಲ್ಲ. ಅವನು ಬರಿಗಂಟಲಿನಲ್ಲೇ ಹಾಡಿದ. ನೊಮಾಸೊಂಟೊ ಕಾಲು ಒಳಗೆಳೆದುಕೊಂಡಳು. ಬಾಗಿಲು ಕೂಡಿಕೊಂಡಿತು. ಮುಂದಿನ ನಿಲ್ದಾಣದವರೆಗೆ ಅವಳು ಒಬ್ಬೊಬ್ಬರ ಮುಖವನ್ನಲ್ಲ, ಕೈಗಳನ್ನೇ ನೋಡಿದಳು. ಎಲ್ಲರ ಕೈಯಲ್ಲೂ ಫೋನೇ ಇತ್ತು.

ನಿಲ್ದಾಣ ಬಂತು. ಬಾಗಿಲು ತಾನಾಗಿ ತೆರೆಯಿತು, ಜನ ಹತ್ತಿದರು, ಮತ್ತೆ ಮುಚ್ಚತೊಡಗಿತು. ಅಷ್ಟರಲ್ಲಿ ಶಾಲೆಯ ಸಮವಸ್ತ್ರದ ಹುಡುಗಿಯೊಬ್ಬಳು ಏದುಸಿರು ಬಿಡುತ್ತ ಓಡಿ ಬಂದಳು. ನೊಮಾಸೊಂಟೊ ಯೋಚಿಸಲೇ ಇಲ್ಲ, ಬೂಟುಗಾಲು ಬಾಗಿಲಿಗೆ ಕೊಟ್ಟು ಕೈ ಚಾಚಿದಳು.

"ಹಾರು ಮಗಳೇ, ಹಾರು!"

ಹುಡುಗಿ ಆ ಕೈ ಹಿಡಿದು ಹಾರಿ ಒಳಗೆ ಬಂದಳು. ಈ ಸಲ ಯಾರೂ ನಗಲಿಲ್ಲ. ಬಾಗಿಲು ಮುಚ್ಚಿ ರೈಲು ಹೊರಟಿತು.

"ಥ್ಯಾಂಕ್ಸ್ ಗೋಗೋ," ಎಂದಳು ಹುಡುಗಿ. ಸ್ವಲ್ಪ ಹೊತ್ತಾದ ಮೇಲೆ ಮೆತ್ತಗೆ, "ಗೋಗೋ, ನನ್ನ ಕೈ..." ಎಂದಳು.

ನೊಮಾಸೊಂಟೊಗೆ ಅದು ಕೇಳಿಸಲಿಲ್ಲ. ಹುಡುಗಿಯೂ ಮತ್ತೆ ಹೇಳಲಿಲ್ಲ, ಇಳಿಯುವ ತನಕ ಕೈಯನ್ನು ಅಜ್ಜಿಯ ಬಿಗಿ ಮುಷ್ಟಿಯಲ್ಲೇ ಬಿಟ್ಟಳು.