ಎರಡು ಕೊಳವೆ, ಎರಡು ಕಿವಿ

ನನ್ನನ್ನು ಎಲ್ಲರೂ ಕಿವಿ ಮೇಸ್ತ್ರಿ ಎನ್ನುತ್ತಾರೆ. ಆ ಹೆಸರೇನೂ ಪುಕ್ಕಟೆ ಬಂದದ್ದಲ್ಲ. ಹಳೇ ಕಾಲದ ಎರಡು ಸಿಲಿಂಡರ್ ಮೋಟಾರ್‌ಸೈಕಲ್ಲುಗಳಲ್ಲಿ ಕಾರ್ಬುರೇಟರೂ ಎರಡು, ಒಂದೊಂದು ಸಿಲಿಂಡರಿಗೆ ಒಂದೊಂದು. ಎರಡೂ ಸಮಸಮವಾಗಿ ಗಾಳಿ ಎಳೆಯಬೇಕು. ಇಲ್ಲವಾದರೆ ಒಂದು ಸಿಲಿಂಡರ್ ದುಡಿಯುತ್ತದೆ, ಇನ್ನೊಂದು ಕೂತು ತಿನ್ನುತ್ತದೆ. ಅವೆರಡನ್ನು ಸರಿದೂಗಿಸಲು ಬೇರೆಯವರು ಮೀಟರು ಹಚ್ಚಿ ಮುಳ್ಳು ನೋಡುತ್ತಾರೆ. ನನ್ನ ಹತ್ತಿರ ಇರುವುದು ಎರಡು ರಬ್ಬರ್ ಕೊಳವೆ. ಎಡ ಕಾರ್ಬುರೇಟರಿನ ಬಾಯಿಗೆ ಹಿಡಿದದ್ದು ನನ್ನ ಎಡಗಿವಿಗೆ, ಬಲದ್ದು ಬಲಗಿವಿಗೆ. ಎರಡರಲ್ಲೂ 'ಸುಯ್' ಎನ್ನುವ ಸದ್ದು ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸುತ್ತೇನೆ. ಮೂವತ್ತೆಂಟು ವರ್ಷ ಹೀಗೇ ಮಾಡಿದ್ದೇನೆ. ಮೀಟರಿನವರು ಕೆಡಿಸಿದ ಗಾಡಿಗಳೂ ಕೊನೆಗೆ ನನ್ನ ಬಾಗಿಲಿಗೇ ಬರುತ್ತಿದ್ದವು.

ಅಂಥ ನನ್ನ ಬಾಗಿಲಿಗೆ ಸಿಸ್ಟರ್ ಗಾಡಿ ಮೂರನೇ ಸಲ ವಾಪಸ್ ಬಂತು.

ಸಿಸ್ಟರ್ ಅಂದರೆ ಆಸ್ಪತ್ರೆಯ ಹೆಡ್ ನರ್ಸ್. ಗಾಡಿ ಅವರ ತಂದೆಯದು, ಅವರಿಗಿಂತ ನಾಲ್ಕು ವರ್ಷ ದೊಡ್ಡದು. ಬರುವ ಭಾನುವಾರ ಹಳೇ ಗಾಡಿಗಳವರೆಲ್ಲ ಸೇರಿ ಬೆಟ್ಟ ಹತ್ತುವವರಿದ್ದರು. ನೂರು ಗಾಡಿ, ಎಲ್ಲಕ್ಕೂ ಮುಂದೆ ಸಿಸ್ಟರ್.

"ಏರಲ್ಲಿ ಮುಗ್ಗರಿಸುತ್ತೆ ಮೇಸ್ತ್ರಿ" ಎಂದರು ಅವರು. "ಇನ್ನು ಎರಡೇ ದಿನ ಇರೋದು. ನಿಮ್ಮ ಕೈಲಿ ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಬೇಜಾರಿಲ್ಲ."

ಬೇಜಾರಿಲ್ಲವಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಆ ಗಾಡಿ ಏರಿನಲ್ಲಿ ನಿಂತರೆ ಹಿಂದಿನ ತೊಂಬತ್ತೊಂಬತ್ತು ಜನರೂ ಕೇಳುವುದು ಒಂದೇ ಮಾತು, ಇದನ್ನು ಟ್ಯೂನ್ ಮಾಡಿದವರು ಯಾರು ಅಂತ. ಮೂವತ್ತೆಂಟು ವರ್ಷದ ಹೆಸರು ಒಂದೇ ಬೆಳಿಗ್ಗೆ ಮಣ್ಣುಪಾಲು.

ಅವರು ಹೋದ ಮೇಲೆ ಇಂಜಿನ್ ಬಿಸಿ ಮಾಡಿ ಕೊಳವೆ ಹಿಡಿದು ಕೂತೆ. ಎಡ, ಬಲ, ಎರಡೂ ಒಂದೇ ಸದ್ದು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಾಗಾದರೆ ತಪ್ಪು ಪೆಟ್ರೋಲಿನದು ಎಂದೆ. ಆಮೇಲೆ ಪ್ಲಗ್ಗಿನದು ಎಂದೆ. ಇನ್ನು ಸಿಸ್ಟರ್ ಓಡಿಸುವ ರೀತಿಯದು ಎನ್ನುವಷ್ಟರಲ್ಲಿ ನನ್ನ ಮಗಳು ಬೆಂಚಿನ ಹತ್ತಿರದಿಂದ ಎದ್ದು ಬಂದಳು.

ಮಗಳಿಗೆ ಮೂವತ್ತೊಂದು ವರ್ಷ. ಹನ್ನೆರಡು ವರ್ಷದಿಂದ ನನ್ನ ಜೊತೆಗೇ ಕೆಲಸ. ಇಂಜಿನ್ ಬಿಚ್ಚಿ ಕಟ್ಟುವುದರಲ್ಲಿ ಎತ್ತಿದ ಕೈ. ವೈರಿಂಗ್ ಅಂತೂ ನನಗಿಂತ ಚೊಕ್ಕ. ಕೊಳವೆಗಳನ್ನು ಮಾತ್ರ ನಾನು ಅವಳ ಕೈಗೆ ಕೊಟ್ಟಿರಲಿಲ್ಲ.

"ಅಪ್ಪ, ಒಂದು ಮಾತು ಹೇಳ್ತೀನಿ, ರೇಗಬಾರದು."

ಹೀಗೆ ಶುರುವಾಗುವ ಮಾತಿಗೆ ನಾನು ರೇಗದೇ ಇದ್ದದ್ದು ನೆನಪಿಲ್ಲ.

"ಈ ವರ್ಷ ನೀನು ಟ್ಯೂನ್ ಮಾಡಿರೋ ಎರಡು ಕಾರ್ಬುರೇಟರಿನ ಗಾಡಿ ಎಲ್ಲದರಲ್ಲೂ ಎಡದ ಸ್ಕ್ರೂ ಒಂದು ಸುತ್ತು ಜಾಸ್ತಿ ಇದೆ. ಹನ್ನೊಂದು ಗಾಡಿ, ಹನ್ನೊಂದರಲ್ಲೂ ಎಡದ್ದೇ. ಕೊಳವೆ ಅದಲುಬದಲು ಮಾಡಿ ಕೇಳು."

"ಅಂದ್ರೆ ನನ್ನ ಕಿವಿ ಕೆಟ್ಟಿದೆ ಅಂತಾನಾ?"

"ಕೊಳವೆ ಬದಲಾಯಿಸು ಅಂದೆ ಅಷ್ಟೇ."

"ನಾನು ಈ ಕೆಲಸ ಶುರು ಮಾಡಿದಾಗ ನೀನು ಹುಟ್ಟೇ ಇರಲಿಲ್ಲ! ನನಗೇ ಪಾಠ ಹೇಳ್ತೀಯಾ?"

ಅವಳು ಜಗಳಕ್ಕೆ ನಿಲ್ಲಲಿಲ್ಲ. ಕೈ ಒರೆಸಿಕೊಂಡು ಊಟಕ್ಕೆ ಮನೆಗೆ ಹೊರಟಳು. ಮುಖ ಊದಿಸಿಕೊಂಡು ಹೋಗಿದ್ದರೆ ನನಗೂ ಸಮಾಧಾನವಿರುತ್ತಿತ್ತು.

ಶೆಡ್ಡಿನಲ್ಲಿ ನಾನೊಬ್ಬನೇ ಉಳಿದೆ. ಬಾಗಿಲ ಕಡೆ ಎರಡು ಸಲ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ, ಕಳ್ಳನ ಹಾಗೆ ಕೊಳವೆ ಅದಲುಬದಲು ಮಾಡಿದೆ. ಎಡ ಕಾರ್ಬುರೇಟರ್ ಬಲಗಿವಿಯಲ್ಲಿ ಭುಸುಗುಟ್ಟಿತು. ಬಲದ್ದು ಎಡಗಿವಿಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು.

ಕಿವಿಯ ಮಾತು ಬೇಡವೆಂದು ಬಲ ಸಿಲಿಂಡರಿನ ಪ್ಲಗ್ ವೈರು ಕಿತ್ತು ಅದರ ಕೆಲಸ ನಿಲ್ಲಿಸಿದೆ. ಎಡ ಸಿಲಿಂಡರ್ ಒಂದೇ ಆರಾಮಾಗಿ ಇಂಜಿನ್ ಓಡಿಸಿತು. ಆ ವೈರು ಹಾಕಿ ಎಡದ್ದನ್ನು ಕಿತ್ತೆ. ಬಲ ಸಿಲಿಂಡರ್ ನಾಲ್ಕು ಸಲ ಕೆಮ್ಮಿ ಗಾಡಿ ಆಫ್ ಆಯಿತು.

ಮಗಳ ಮಾತು ನಿಜವಾಗಿತ್ತು. ನನ್ನ ಎಡಗಿವಿ ಮಂದವಾಗಿತ್ತು. ಅದಕ್ಕೆ ಕೇಳಿಸಲೆಂದು ನಾನು ವರ್ಷವಿಡೀ ಎಡ ಕಾರ್ಬುರೇಟರಿಗೆ ಹೆಚ್ಚು ಗಾಳಿ ಬಿಡುತ್ತಾ, ಎರಡೂ ಸಮ ಎಂದು ಬೀಗುತ್ತಾ ಬಂದಿದ್ದೆ. ಊಟಕ್ಕೆ ಕೂತಾಗ ನನ್ನ ಹೆಂಡತಿ ಕೂರುವುದೂ ಎಡಕ್ಕೇ. ಇತ್ತೀಚೆಗೆ ಮಾತು ಕಡಿಮೆ ಮಾಡಿದ್ದಾಳೆ, ವಯಸ್ಸಿಗೆ ತಕ್ಕ ನೆಮ್ಮದಿ ಅಂತೂ ಸಿಕ್ಕಿತು ಎಂದುಕೊಂಡಿದ್ದೆ. ಪಾಪ, ಅವಳು ಎಷ್ಟು ಬೈದಳೋ ಏನೋ.

ನಗು ಬಂತು, ಹಿಂದೆಯೇ ಅಳುವೂ ಬಂತು. ಸ್ಟೂಲಿನ ಮೇಲೆ ಕೂತುಬಿಟ್ಟೆ. ಕೈಯಿಲ್ಲದ ದರ್ಜಿಯೂ ಕಿವಿಯಿಲ್ಲದ ಕಿವಿ ಮೇಸ್ತ್ರಿಯೂ ಒಂದೇ ಅನ್ನಿಸಿತು.

ಮಗಳು ಬಂದಾಗ ಎರಡೂ ಕೊಳವೆ ಅವಳ ಕಡೆ ಚಾಚಿದೆ. ಅವಳು ತಗೊಂಡು ಗಾಡಿಯ ಪಕ್ಕ ಮಂಡಿಯೂರಿದಳು.

ನನಗೆ ಒಂದು ಗಂಟೆ ಹಿಡಿಯುವ ಕೆಲಸವನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡು ಗಂಟೆ ತಗೊಂಡಳು. ಸ್ಕ್ರೂವನ್ನು ಕಾಲು ಸುತ್ತು ತಿರುಗಿಸುವುದು, ಕಾಯುವುದು, ಕಣ್ಣು ಮುಚ್ಚಿ ಕೇಳುವುದು. ಕೊನೆಗೆ ಕೊಳವೆ ಅದಲುಬದಲು ಮಾಡಿ ಮತ್ತೆ ಕೇಳಿದಳು. ಮೂವತ್ತೆಂಟು ವರ್ಷದಲ್ಲಿ ಆ ಒಂದು ಕೆಲಸ ನನಗೆ ಹೊಳೆದೇ ಇರಲಿಲ್ಲ. ನಾನು ಎರಡು ಸೈಲೆನ್ಸರಿನ ಬಾಯಿಗೂ ಅಂಗೈ ಹಿಡಿದೆ. ಎರಡೂ ಕೈಗೆ ಒಂದೇ ಬಿಸಿ, ಒಂದೇ ಪೆಟ್ಟು. ನನ್ನ ಒಳ್ಳೇ ದಿನಗಳಲ್ಲೂ ಇಷ್ಟು ಸಮ ಬಂದಿತ್ತೋ ಇಲ್ಲವೋ. ಹೊಟ್ಟೆಯುರಿ ಆಗಬೇಕಿತ್ತು, ಆಗಲಿಲ್ಲ. ಎದೆ ತುಂಬಿ ಬಂತು.

ಭಾನುವಾರ ನಾವಿಬ್ಬರೂ ಬೆಟ್ಟದ ಮೇಲೆ ಹೋಗಿ ನಿಂತೆವು. ಕೊನೆಯ ಏರಿನಲ್ಲಿ ಸಿಸ್ಟರ್ ಗಾಡಿ ಕಾಣಿಸಿತು. ಮುಗ್ಗರಿಸಲಿಲ್ಲ, ಏದುಸಿರು ಬಿಡಲಿಲ್ಲ, ಮುಂದೆ ಮುಂದೆ ಬಂತು. ಹಿಂದೆ ತೊಂಬತ್ತೊಂಬತ್ತು ಗಾಡಿ. ಎಲ್ಲರೂ ಇಂಜಿನ್ ಆರಿಸಿದ ಮೇಲೆ ಸಿಸ್ಟರ್ ಹೆಲ್ಮೆಟ್ ತೆಗೆದು, ಅಷ್ಟೂ ಜನರ ಮುಂದೆ ಹೇಳಿದರು: "ನಮ್ಮಪ್ಪನ ಕಾಲದಲ್ಲಿ ಓಡ್ತಿದ್ದ ಹಾಗೇ ಓಡ್ತು ಮೇಸ್ತ್ರಿ. ನಿಮ್ಮ ಕಿವಿಗೆ ಸಾಟಿ ಇಲ್ಲ."

ಜನ ಚಪ್ಪಾಳೆ ಹೊಡೆದರು. ಸುಮ್ಮನೆ ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಮಗಳಂತೂ ಬಾಯಿ ಬಿಡುವವಳಲ್ಲ.

"ನನ್ನ ಕಿವಿ ಅಲ್ಲ ಸಿಸ್ಟರ್!" ಎಂದೆ. "ನನ್ನ ಎಡಗಿವಿ ಹೋಗಿ ವರ್ಷ ಆಯ್ತು. ಅದಕ್ಕೇ ನಿಮ್ಮ ಗಾಡಿ ಮೂರು ಸಲ ವಾಪಸ್ ಬಂದಿದ್ದು. ಸರಿ ಮಾಡಿದ್ದು ಇವಳು, ನನ್ನ ಮಗಳು. ಈ ವರ್ಷ ನನ್ನ ಹತ್ರ ಟ್ಯೂನ್ ಮಾಡಿಸಿದೋರು ಇನ್ನೂ ಹತ್ತು ಜನ ಇದ್ದೀರಿ. ನಾಳೆಯಿಂದ ಗಾಡಿ ತನ್ನಿ, ಇವಳು ನೋಡ್ತಾಳೆ. ಇನ್ಮೇಲೆ ಕಿವಿ ಮೇಸ್ತ್ರಿ ಇವಳೇ!"

ಎಡಕ್ಕೆ ನಿಂತಿದ್ದ ಮಗಳ ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಮೊನ್ನೆಯವರೆಗೆ ಆಗಿದ್ದರೆ ಕೇಳಿಸಿದವನ ಹಾಗೆ 'ಹ್ಞೂಂ' ಎಂದುಬಿಡುತ್ತಿದ್ದೆ.

"ಏನಂದೆ? ಈ ಕಡೆ ಬಂದು ಹೇಳು" ಎಂದೆ.

ಅವಳು ನನ್ನ ಬಲಕ್ಕೆ ಬಂದಳು. ಮುಖವೆಲ್ಲ ಕೆಂಪಾಗಿತ್ತು. "ಮೆಲ್ಲಗೆ ಮಾತಾಡು ಅಪ್ಪ ಅಂದೆ. ಇಡೀ ಬೆಟ್ಟಕ್ಕೆ ಕೇಳಿಸ್ತಿದೆ."

"ಕೇಳಲಿ ಅಂತಾನೇ ಹೇಳಿದ್ದು ಕಣೇ" ಎಂದೆ, ಇನ್ನೂ ಸ್ವಲ್ಪ ಜೋರಾಗಿ.