ಕೆರೆಯಿಲ್ಲದ ಪರದೆ

ಅಕ್ಕನ ಜೊತೆ ಫೋಟೊ ಸ್ಟುಡಿಯೊ ನಡೆಸುವ ತಂಗಿಗೆ, ಫೋಟೊ ತೆಗೆಯುವಾಗ ಹಿಂದೆ ಇಳಿಬಿಡುವ ಆ ಪರದೆ ಕಂಡದ್ದು ಹಳೆಯ ಸಾಮಾನು ಮಾರುವ ಆ್ಯಪ್‌ನಲ್ಲಿ. ಬಟ್ಟೆಯ ಮೇಲೆ ಕೈಯಿಂದ ಬರೆದ ಚಿತ್ರ: ಮೇಲೆ ಸಂಜೆಯ ಆಕಾಶ, ಕೆಳಗೆ ಕೆರೆ, ಕೆರೆಗಿಳಿಯುವ ಮೆಟ್ಟಿಲು. ಜನರನ್ನು ಬಿಳಿ ಗೋಡೆಯ ಮುಂದೆ ಕೂರಿಸಿ ಕೂರಿಸಿ ಅವಳ ಕಣ್ಣೇ ಬೆಳ್ಳಗಾಗಿತ್ತು. ಊಟದ ಹೊತ್ತಿನಲ್ಲೂ ಫೋನಿನೊಳಗಿನ ಆ ಕೆರೆಯನ್ನೇ ನೋಡುತ್ತಿದ್ದಳು.

ಮಾರುವವನು ಫೋನಿನಲ್ಲಿ ಹೇಳಿದ: "ಆ್ಯಪ್‌ನವರಿಗೆ ಯಾಕ್ ಮೇಡಂ ಸುಮ್ನೆ ಕಮಿಷನ್ನು? ನೇರ ನನ್ನ ಖಾತೆಗೇ ಹಾಕಿ, ರೇಟು ಇಳಿಸ್ತೀನಿ."

ಅವಳು ಹಾಕಿಯೇಬಿಡುತ್ತಿದ್ದಳು. ಕೌಂಟರಿನಲ್ಲಿ ಕೂತು ಫೋಟೊಗಳ ಅಂಚು ಕತ್ತರಿಸುತ್ತಿದ್ದ ಅಕ್ಕ ಫೋನು ಕಿತ್ತುಕೊಂಡಳು.

"ನೇರ ಹಾಕಿದ್ರೆ ದುಡ್ಡು ಹೋಯ್ತು ಅಂತಾನೇ ಲೆಕ್ಕ. ನಾಳೆ ಅವ್ನು ಫೋನ್ ಎತ್ತದಿದ್ರೆ ಯಾರನ್ನ ಕೇಳ್ತೀಯ? ಆ್ಯಪ್‌ನಲ್ಲೇ ಕಟ್ಟು. ಸಾಮಾನು ಬಂದು, ಸರಿಯಿದೆ ಅಂತ ನೀನು ಒತ್ತೋವರೆಗೂ ದುಡ್ಡು ಅವರ ಹತ್ರಾನೇ ಇರತ್ತೆ."

"ಮತ್ತೆ ಕಮಿಷನ್ನು?"

"ನೆಮ್ಮದಿಯ ನಿದ್ದೆಗೆ ಕೊಟ್ಟೆ ಅಂದ್ಕೋ."

ನಾಲ್ಕನೆಯ ದಿನ ಮಧ್ಯಾಹ್ನ ಸುರುಳಿ ಬಂತು. ಅಕ್ಕ ವಿಡಿಯೊ ಮಾಡುತ್ತ ನಿಂತಳು, ತಂಗಿ ದಾರ ಬಿಚ್ಚಿದಳು. ಹಳೆಯ ಬಣ್ಣದ ವಾಸನೆಯೊಡನೆ ಆಕಾಶ ಮೆಲ್ಲಗೆ ಕೋಣೆಗೆ ಇಳಿಯಿತು. ಮೊದಲು ನೀಲಿ, ಆಮೇಲೆ ನೇರಳೆ, ಆಮೇಲೆ ಗುಲಾಬಿ. ಅಲ್ಲಿಗೆ ಬಟ್ಟೆ ಮುಗಿದುಹೋಯಿತು. ಅಂಚಿನಲ್ಲಿ ಕತ್ತರಿ ಆಡಿದ ಗುರುತು.

"ಕೆರೆ ಎಲ್ಲಿ ಅಕ್ಕ?" ಎಂದಳು ತಂಗಿ, ನಿದ್ದೆಯಲ್ಲಿ ಮಾತಾಡಿದವಳಂತೆ.

ಅಕ್ಕ ವಿಡಿಯೊ ಸೇರಿಸಿ ಆ್ಯಪ್‌ನಲ್ಲಿ ದೂರು ಕೊಟ್ಟಳು. ಹಣ ಅಲ್ಲೇ ನಿಂತಿತು. ಮಾರಿದವನು ರೇಗಿಕೊಂಡು ಫೋನ್ ಮಾಡಿದ. ವಿಡಿಯೊ ನೋಡಿದ ಮೇಲೆ ಮತ್ತೆ ಫೋನ್ ಮಾಡಿ ಮೆತ್ತಗೆ ಹೇಳಿದ:

"ನಮ್ಮಪ್ಪಂದು ಮೇಡಂ. ಅವರೂ ಸ್ಟುಡಿಯೊ ಇಟ್ಟಿದ್ರು. ಜಾಗ ಸಾಲದೆ ಕತ್ತರಿಸಿದ್ರೋ ಏನೋ. ನಾನು ಹಳೇ ಆಲ್ಬಮ್ಮಿನ ಫೋಟೊ ಹಾಕ್ದೆ, ಅವರು ಹೋದ್ಮೇಲೆ ಸುರುಳಿ ಬಿಚ್ಚಿ ನೋಡಕ್ಕೆ ಮನಸ್ಸಾಗ್ಲಿಲ್ಲ. ವಾಪಸ್ ಕಳಿಸಿ, ದುಡ್ಡು ಪೂರ್ತಿ ನಿಮಗೇ ಬರತ್ತೆ."

ಕಳಿಸಲು ಮೂರು ದಿನ ಗಡುವಿತ್ತು. ಅಷ್ಟು ದಿನ ಆಕಾಶ ಗೋಡೆಯ ಮೇಲೆ ತೂಗಾಡಿತು. ಫ್ಯಾನಿನ ಗಾಳಿಗೆ ಅಲುಗಿದಾಗ ಕೋಣೆಯೇ ಎಲ್ಲಿಗೋ ತೇಲುವಂತೆ ತಂಗಿಗೆ ಅನಿಸುತ್ತಿತ್ತು. ಬಂದವರು ತಾವಾಗಿಯೇ ದನಿ ತಗ್ಗಿಸುತ್ತಿದ್ದರು. ಮೂರನೆಯ ದಿನ ಪಿಂಚಣಿ ಅರ್ಜಿಗೆ ಫೋಟೊ ತೆಗೆಸಲು ಬಂದ ಅಜ್ಜ, ಕೆಲಸ ಮುಗಿದರೂ ಹೊರಡಲಿಲ್ಲ.

"ಇದರ ಮುಂದೂ ಒಂದು ತೆಗಿಯಮ್ಮ."

"ಇದರಲ್ಲಿ ಕೆರೆ, ಮೆಟ್ಟಿಲು ಎಲ್ಲಾ ಇರಬೇಕಿತ್ತು ತಾತ."

"ಮೆಟ್ಟಿಲು ಇಲ್ದಿದ್ದೇ ಒಳ್ಳೇದಾಯ್ತು. ನಂಗೆ ಮಂಡಿನೋವು."

ಅಕ್ಕ ನಕ್ಕುಬಿಟ್ಟಳು. ಕ್ಯಾಮೆರಾದಲ್ಲಿ ಅಜ್ಜ ನೆಲದ ಹಂಗಿಲ್ಲದೆ, ಹಗುರವಾಗಿ ನಿಂತಿದ್ದರು.

ಅವತ್ತೇ ತಂಗಿ ಮಾರಿದವನಿಗೆ ಫೋನ್ ಮಾಡಿದಳು. "ಪರದೆ ನಾನೇ ಇಟ್ಕೋತೀನಿ. ದುಡ್ಡಲ್ಲಿ ಅರ್ಧ ನಿಮಗೆ, ಅರ್ಧ ವಾಪಸ್ ನನಗೆ. ಆ್ಯಪ್‌ನಲ್ಲಿ ಹಾಗೂ ಒಪ್ಕೋಬಹುದಂತೆ." ಅವನು ಒಪ್ಪಿದ. ಇಬ್ಬರೂ ಒತ್ತಿದರು, ದೂರು ಮುಗಿಯಿತು.

ಮುಂದಿನ ವಾರ ಮಾರಿದವನೇ ಸ್ಟುಡಿಯೊಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಪರದೆಯ ಹತ್ತಿರ ಹೋಗಿ, ಕ್ಯಾಮೆರಾಗೆ ಬೆನ್ನು ಮಾಡಿ ಆಕಾಶ ನೋಡುತ್ತ ನಿಂತ. ತಂಗಿ ಅವನಿಗೆ ಈ ಕಡೆ ತಿರುಗಿ ಎನ್ನಲಿಲ್ಲ. ಹಾಗೆಯೇ ಒಂದು ಫೋಟೊ ತೆಗೆದಳು.